ನಾಡದೋಣಿಯ ಔಟ್‌ಬೋರ್ಡ್ ಯಂತ್ರ ನಿಧಾನ ಓಟದಲ್ಲಿ ನಿಂತುಹೋದರೆ

ಮಳೆಗಾಲದಲ್ಲಿ ಮೀನು ಹಿಡಿದು ಹಿಂದಿರುಗುವ ನಾಡದೋಣಿ ಅಳಿವೆಯ ಹೊರಗೆ ಸ್ವಲ್ಪ ಹೊತ್ತು ಕಾಯಬೇಕಾಗುತ್ತದೆ. ದೊಡ್ಡ ಅಲೆಗಳು ಒಂದರ ಹಿಂದೆ ಒಂದರಂತೆ ಬಂದು ಹೋದ ಮೇಲೆ ನೀರು ತುಸು ತಗ್ಗುವ ಹೊತ್ತು ನೋಡಿಕೊಂಡು ಚುಕ್ಕಾಣಿ ಹಿಡಿದವರು ದೋಣಿಯನ್ನು ಒಳಕ್ಕೆ ಬಿಡುತ್ತಾರೆ. ಹೀಗೆ ಕಾಯುವಾಗ ಯಂತ್ರ ನಿಧಾನ ಓಟದಲ್ಲಿರುತ್ತದೆ. ಆಗಲೇ ಅದು ನಿಂತುಹೋದರೆ ದೋಣಿ ಅಡ್ಡ ತಿರುಗಿ ಅಲೆಗೆ ಮಗ್ಗುಲು ಕೊಡುತ್ತದೆ. ಹಗ್ಗ ಎಳೆದು ಮತ್ತೆ ಚಾಲೂ ಮಾಡುವಷ್ಟು ಸಮಯ ಅಲ್ಲಿ ಸಿಗುವುದಿಲ್ಲ. ಹೊನ್ನಾವರದ ಶರಾವತಿ ಅಳಿವೆಯಾಗಲಿ, ಗಂಗೊಳ್ಳಿಯದಾಗಲಿ, ಮರಳಿನ ದಿಬ್ಬದ ಮೇಲೆ ಅಲೆ ಒಡೆಯುವ ಜಾಗವನ್ನು ಬಲ್ಲವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿದ್ದು, 10 ಅಶ್ವಶಕ್ತಿಯವರೆಗಿನ ಯಂತ್ರ ಅಳವಡಿಸಿದ ನಾಡದೋಣಿಗಳಿಗೆ ಮಾತ್ರ ಅವಕಾಶವಿದೆ. ಎಂದರೆ ನಾಡದೋಣಿಯ ಮುಖ್ಯ ದುಡಿಮೆಯ ಕಾಲ ಮತ್ತು ಕಡಲು ಅತಿ ಒರಟಾಗಿರುವ ಕಾಲ ಎರಡೂ ಒಂದೇ. ಆದ್ದರಿಂದ ಯಂತ್ರದ ನಿಧಾನ ಓಟದ ದೋಷಗಳನ್ನು ಮೇ ತಿಂಗಳಲ್ಲಿಯೇ, ದೋಣಿ ದಡದಲ್ಲಿರುವಾಗ, ಹುಡುಕಿ ಸರಿಪಡಿಸಿಕೊಳ್ಳುವುದು ಲೇಸು. ಈ ಲೇಖನದಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಎರಡು ಸಿಲಿಂಡರಿನ, ಎರಡು ಹೊಡೆತದ, ಪೆಟ್ರೋಲಿನಲ್ಲಿ ಚಾಲೂ ಆಗಿ ಸೀಮೆಎಣ್ಣೆಯಲ್ಲಿ ಓಡುವ ಯಂತ್ರವನ್ನು ಗಮನದಲ್ಲಿಟ್ಟುಕೊಳ್ಳಲಾಗಿದೆ.

ಸ್ಕ್ರೂ ತಿರುಗಿಸುವ ಮೊದಲು

ಯಂತ್ರ ನಿಧಾನ ಓಟದಲ್ಲಿ ನಿಲ್ಲತೊಡಗಿದಾಗ ನಮ್ಮವರು ಮಾಡುವ ಮೊದಲ ಕೆಲಸವೆಂದರೆ ನಿಧಾನ ಓಟದ ಸ್ಕ್ರೂವನ್ನು ಒಂದೆರಡು ಸುತ್ತು ಒಳಕ್ಕೆ ತಿರುಗಿಸುವುದು. ಯಂತ್ರ ಜೋರಾಗಿ ಓಡುತ್ತದೆ, ನಿಲ್ಲುವುದಿಲ್ಲ, ಕೆಲಸ ಮುಗಿಯಿತೆಂದು ತಿಳಿಯುತ್ತಾರೆ. ವಾಸ್ತವವಾಗಿ ದೋಷ ಇದ್ದಲ್ಲಿಯೇ ಇರುತ್ತದೆ. ಅದರ ಮೇಲೆ ಒಂದು ಮುಚ್ಚಳ ಹಾಕಿದಂತಾಯಿತು, ಅಷ್ಟೆ.

ಹೀಗೆ ಏರಿಸಿದ ವೇಗದಿಂದ ಬೇರೆ ಹಾನಿಗಳೂ ಇವೆ. ನ್ಯೂಟ್ರಲಿನಿಂದ ಗೇರಿಗೆ ಹಾಕುವಾಗ ಒಳಗಿನ ಹಲ್ಲುಗಳು ಒಂದಕ್ಕೊಂದು ಬಡಿದು ಅವುಗಳ ಮೂಲೆಗಳು ಸವೆಯುತ್ತವೆ. ಕ್ರಮೇಣ ಗೇರು ತಾನಾಗಿ ಜಾರತೊಡಗುತ್ತದೆ. ಗೇರು ಬೀಳುತ್ತಲೇ ದೋಣಿ ಎಗರಿದಂತಾಗಿ ಅಂಚಿನಲ್ಲಿ ನಿಂತವರು ಆಯತಪ್ಪುವುದುಂಟು. ಬಲೆ ಎಳೆಯುವಾಗ ದೋಣಿ ಬೇಕಾದುದಕ್ಕಿಂತ ಬೇಗ ಸರಿದು ಬಲೆಯೇ ಪ್ರೊಪೆಲ್ಲರಿಗೆ ಸುತ್ತಿಕೊಳ್ಳುತ್ತದೆ. ಆದ್ದರಿಂದ ಈ ಸ್ಕ್ರೂವನ್ನು ಕೊನೆಗೆ ಮುಟ್ಟಬೇಕೇ ಹೊರತು ಮೊದಲಲ್ಲ.

ಯಂತ್ರ ಪೂರ್ಣ ವೇಗದಲ್ಲಿ ಚೆನ್ನಾಗಿ ಓಡಿ ನಿಧಾನ ಓಟದಲ್ಲಿ ಮಾತ್ರ ತೊಂದರೆ ಕೊಡುವುದೇಕೆ? ಕಾರ್ಬ್ಯುರೇಟರಿನಲ್ಲಿ ಇಂಧನಕ್ಕೆ ಎರಡು ದಾರಿಗಳಿವೆ. ವೇಗದ ಓಟದಲ್ಲಿ ದೊಡ್ಡ ಜೆಟ್ಟಿನಿಂದ ಇಂಧನ ಬರುತ್ತದೆ. ನಿಧಾನ ಓಟದಲ್ಲಿ ಗಾಳಿಯ ದಾರಿಯಲ್ಲಿರುವ ಥ್ರಾಟಲ್ ತಟ್ಟೆ ಬಹುಪಾಲು ಮುಚ್ಚಿರುತ್ತದೆ. ಆಗ ತಟ್ಟೆಯ ಅಂಚಿನ ಬಳಿ ಇರುವ, ಸೂಜಿಯ ಮೊನೆಯಷ್ಟು ಸಣ್ಣ ತೂತುಗಳಿಂದ ಮಾತ್ರ ಇಂಧನ ಬರಬೇಕು. ದೊಡ್ಡ ದಾರಿಯಲ್ಲಿ ಗೊತ್ತೇ ಆಗದಷ್ಟು ಕಸ ಈ ಸಣ್ಣ ದಾರಿಯನ್ನು ಕಟ್ಟಿಬಿಡುತ್ತದೆ. ಹಾಗೆಯೇ ಜೋರಾದ ಓಟದಲ್ಲಿ ಲೆಕ್ಕಕ್ಕೇ ಬಾರದ ಚಿಕ್ಕ ಗಾಳಿ ಸೋರಿಕೆ ನಿಧಾನ ಓಟದಲ್ಲಿ ಮಿಶ್ರಣವನ್ನು ಪೂರಾ ಕೆಡಿಸುತ್ತದೆ.

ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಗಳು

ಯಂತ್ರ ನಿಲ್ಲುವುದು ನ್ಯೂಟ್ರಲಿನಲ್ಲಿಯೋ, ಗೇರು ಹಾಕಿದಾಗಲೋ? ಪೆಟ್ರೋಲಿನಲ್ಲಿಯೋ, ಸೀಮೆಎಣ್ಣೆಯಲ್ಲಿಯೋ? ತಣ್ಣಗಿದ್ದಾಗಲೋ, ಕಾದ ಮೇಲೆಯೋ? ತೊಂದರೆ ಒಂದು ದಿನ ದಿಢೀರನೆ ಬಂದಿತೋ, ವಾರಗಳಿಂದ ನಿಧಾನವಾಗಿ ಹೆಚ್ಚಿತೋ? ಇವಕ್ಕೆ ಉತ್ತರ ಸಿಕ್ಕರೆ ಅರ್ಧ ಕೆಲಸ ಆದಂತೆಯೇ.

ಒಮ್ಮೆ ತರಬೇತಿಗೆ ಬಂದ ಮೀನುಗಾರರೊಬ್ಬರು ತಮ್ಮ ಯಂತ್ರದ ಕಾರ್ಬ್ಯುರೇಟರನ್ನು ಎರಡು ಸಲ ಬಿಚ್ಚಿಸಿ ತೊಳೆಸಿದ್ದರು. ಪ್ಲಗ್ಗುಗಳನ್ನೂ ಬದಲಿಸಿದ್ದರು. ಆದರೂ ಯಂತ್ರ ನಿಲ್ಲುತ್ತಿತ್ತು. ವಿಚಾರಿಸಿದಾಗ, ನ್ಯೂಟ್ರಲಿನಲ್ಲಿ ಯಾವ ತೊಂದರೆಯೂ ಇಲ್ಲ, ಗೇರು ಹಾಕಿದೊಡನೆ ನಿಲ್ಲುತ್ತದೆ ಎಂದರು. ನಮ್ಮವರು ಫ್ಯಾನು ಎಂದು ಕರೆಯುವ ಪ್ರೊಪೆಲ್ಲರನ್ನು ಬಿಚ್ಚಿ ನೋಡಿದರೆ ಅದರ ಹಿಂದಿನ ದಂಡಕ್ಕೆ ಬಲೆಯ ನೈಲಾನ್ ನೂಲು ಬಿಗಿಯಾಗಿ ಸುತ್ತಿಕೊಂಡು ಕರಗಿ ಗಟ್ಟಿಯಾಗಿತ್ತು. ನಿಧಾನ ಓಟದ ಅಲ್ಪ ಶಕ್ತಿಗೆ ಅಷ್ಟು ಬಿಗಿ ಸಾಕು. ಅದನ್ನು ಚಾಕುವಿನಿಂದ ಕೊಯ್ದು ತೆಗೆಯಲು ಕಾಲು ಗಂಟೆ ಹಿಡಿಯಿತು. ಆದರೆ ಅಷ್ಟರಲ್ಲಿ ನೂಲು ಎಣ್ಣೆ ಸೀಲನ್ನು ಕತ್ತರಿಸಿತ್ತು. ಗೇರಿನ ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದ್ದುದು ನೀರು ಒಳಗೆ ಹೋಗಿರುವುದರ ಗುರುತು. ಆದ್ದರಿಂದ ಸೀಲನ್ನೂ ಎಣ್ಣೆಯನ್ನೂ ಬದಲಿಸಬೇಕಾಯಿತು. ಗೇರಿನಲ್ಲಿ ಮಾತ್ರ ನಿಲ್ಲುವ ಯಂತ್ರದಲ್ಲಿ ಪ್ರೊಪೆಲ್ಲರಿನ ಬುಡವನ್ನು ಎಲ್ಲಕ್ಕಿಂತ ಮೊದಲು ನೋಡಬೇಕು.

ಸೀಮೆಎಣ್ಣೆಯ ಗುಣ

ಪೆಟ್ರೋಲಿನಲ್ಲಿ ಸರಿಯಾಗಿದ್ದು ಸೀಮೆಎಣ್ಣೆಯಲ್ಲಿ ಮಾತ್ರ ತಡವರಿಸುವ ಯಂತ್ರದಲ್ಲಿ ಹಲವು ವೇಳೆ ಯಂತ್ರದ ದೋಷವೇ ಇರುವುದಿಲ್ಲ. ಪೆಟ್ರೋಲು ಎಂಥ ಚಳಿಯಲ್ಲಿಯೂ ಆವಿಯಾಗುತ್ತದೆ. ಸೀಮೆಎಣ್ಣೆಯಾದರೋ ಬೆಂಕಿ ಹಿಡಿಯುವಷ್ಟು ಆವಿ ಕೊಡಬೇಕಾದರೆ ಸುಮಾರು 35 ಡಿಗ್ರಿ ಸೆಲ್ಸಿಯಸ್ಸಿಗಿಂತ ಮೇಲಿನ ಶಾಖ ಬೇಕು. ತಣ್ಣಗಿರುವ ಯಂತ್ರಕ್ಕೆ ಸೀಮೆಎಣ್ಣೆ ಬಿಟ್ಟರೆ ಅದು ಹನಿಹನಿಯಾಗಿಯೇ ಉಳಿದು ಪ್ಲಗ್ಗನ್ನು ತೋಯಿಸುತ್ತದೆ. ಮಳೆಗಾಲದ ಮುಂಜಾನೆ ಪೆಟ್ರೋಲಿನಲ್ಲಿ ಒಂದೆರಡು ನಿಮಿಷ ಓಡಿಸಿ ಆತುರದಿಂದ ಬದಲಾಯಿಸುವುದು ಇದೇ ಕಾರಣದಿಂದ ತಪ್ಪು. ಯಂತ್ರ ಚೆನ್ನಾಗಿ ಕಾದ ನಂತರ, ಓಡುತ್ತಿರುವಾಗಲೇ ಬದಲಾಯಿಸಬೇಕು.

ಸೀಮೆಎಣ್ಣೆಯಲ್ಲಿ ಬಹಳ ಹೊತ್ತು ನಿಧಾನವಾಗಿ ಓಡಿಸಿದರೂ ಇದೇ ತೊಂದರೆ. ಯಂತ್ರ ತಣಿಯುತ್ತದೆ. ಉರಿಯದ ಸೀಮೆಎಣ್ಣೆ ಕ್ರ್ಯಾಂಕ್ ಪೆಟ್ಟಿಗೆಯ ತಳದಲ್ಲಿ ನಿಲ್ಲುತ್ತದೆ. ಆಮೇಲೆ ಥ್ರಾಟಲ್ ತೆರೆದಾಗ ಅದೆಲ್ಲ ಒಮ್ಮೆಗೇ ಮೇಲಕ್ಕೆ ಬಂದು ಯಂತ್ರ ದಟ್ಟ ಹೊಗೆ ಕಾರಿ ಉಸಿರುಗಟ್ಟಿದಂತಾಗುತ್ತದೆ. ಕಡಲಿನಲ್ಲಿ ಕಾಯುವಾಗ ಆಗಾಗ ವೇಗವನ್ನು ಸ್ವಲ್ಪ ಏರಿಸಿ ಇಳಿಸುವುದು ಒಳ್ಳೆಯದು. ಅಳಿವೆಗೆ ಬರುವ ಮುನ್ನ, ಇನ್ನೂ ದೂರದಲ್ಲಿರುವಾಗಲೇ, ಪೆಟ್ರೋಲಿಗೆ ಬದಲಾಯಿಸಿಕೊಳ್ಳಬೇಕು. ಕೊಳವೆಯಲ್ಲಿಯೂ ಕಾರ್ಬ್ಯುರೇಟರಿನಲ್ಲಿಯೂ ಉಳಿದಿರುವ ಸೀಮೆಎಣ್ಣೆ ಮುಗಿದು ಪೆಟ್ರೋಲು ತಲುಪಲು ಹೊತ್ತು ಬೇಕಾಗುವುದರಿಂದ, ಅಳಿವೆಯ ಬಾಯಲ್ಲಿ ನಿಂತು ನಲ್ಲಿ ತಿರುಗಿಸಿದರೆ ಪ್ರಯೋಜನವಿಲ್ಲ. ನಾಲ್ಕು ಕಾಸಿನ ಪೆಟ್ರೋಲು ಉಳಿಸಲು ಹೋಗಿ ಇದನ್ನು ಬಿಡುವವರಿದ್ದಾರೆ. ಅದು ಉಳಿತಾಯವಲ್ಲ.

ಕೆಲವರು ಯಂತ್ರ ಬಿಸಿಯಾದೀತೆಂಬ ಭಯದಿಂದ ಥರ್ಮೋಸ್ಟಾಟನ್ನೇ ತೆಗೆದು ಎಸೆಯುತ್ತಾರೆ. ಈ ಸಣ್ಣ ಭಾಗವಿರುವ ಮಾದರಿಗಳಲ್ಲಿ ಅದು ಯಂತ್ರ ಕಾಯುವವರೆಗೆ ತಂಪು ನೀರಿನ ಹರಿವನ್ನು ತಡೆಹಿಡಿಯುತ್ತದೆ. ಅದಿಲ್ಲದಿದ್ದರೆ ನಿಧಾನ ಓಟದಲ್ಲಿ ಯಂತ್ರ ಸದಾ ತಣ್ಣಗೇ ಇದ್ದು ಸೀಮೆಎಣ್ಣೆ ಆವಿಯಾಗುವುದೇ ಇಲ್ಲ. ಉಪ್ಪು ಕಟ್ಟಿ ಕೆಟ್ಟಿದ್ದರೆ ಹೊಸದನ್ನು ಹಾಕಬೇಕು, ತೆಗೆದು ಹಾಗೆಯೇ ಬಿಡಬಾರದು.

ಇಂಧನದಲ್ಲಿ ನೀರು ಮತ್ತು ಕಸ

ಟ್ಯಾಂಕಿನ ತಳದಿಂದ ಸ್ವಲ್ಪ ಇಂಧನವನ್ನು ಬಿಳಿ ಗಾಜಿನ ಬಾಟಲಿಗೆ ತೆಗೆದು ಹತ್ತು ಹದಿನೈದು ನಿಮಿಷ ಅಲುಗಾಡಿಸದೆ ಇಟ್ಟು ನೋಡಬೇಕು. ಸೀಮೆಎಣ್ಣೆಯಲ್ಲಿ ನೀರಿದ್ದರೆ ತಳದಲ್ಲಿ ಬೇರೆಯಾಗಿ ನಿಂತು ನಡುವೆ ಗೆರೆ ಕಾಣುತ್ತದೆ. ಪೆಟ್ರೋಲಿನ ವಿಷಯದಲ್ಲಿ ಈಗ ಇನ್ನೂ ಹೆಚ್ಚಿನ ಎಚ್ಚರಿಕೆ ಅಗತ್ಯ. ಇಂದು ದೊರೆಯುವ ಪೆಟ್ರೋಲಿನಲ್ಲಿ ಶೇಕಡ 20ರವರೆಗೆ ಎಥೆನಾಲ್ ಬೆರೆತಿರುತ್ತದೆ. ಈ ಎಥೆನಾಲ್ ನೀರನ್ನು ಹೀರುತ್ತದೆ. ನೀರು ಮಿತಿ ಮೀರಿದಾಗ ಎರಡೂ ಸೇರಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕೆ ಇಳಿಯುತ್ತವೆ. ನಾವು ಬೆರೆಸಿದ ಎರಡು ಹೊಡೆತದ ಎಣ್ಣೆ ಮೇಲಿನ ಪೆಟ್ರೋಲಿನಲ್ಲಿಯೇ ಉಳಿಯುತ್ತದೆ. ಟ್ಯಾಂಕಿನ ಕೊಳವೆ ಹೀರುವುದು ತಳದಿಂದ. ಆದ್ದರಿಂದ ಎಣ್ಣೆಯಿಲ್ಲದ ದ್ರವ ಯಂತ್ರಕ್ಕೆ ಹೋಗಿ, ನಿಲ್ಲುವುದಷ್ಟೇ ಅಲ್ಲ, ಪಿಸ್ಟನ್ ಕೂಡ ಹಿಡಿದುಕೊಳ್ಳಬಹುದು. ಕಳೆದ ಋತುವಿನಲ್ಲಿ ಉಳಿದ ಪೆಟ್ರೋಲನ್ನು ಈ ವರ್ಷದ ಮಳೆಗಾಲಕ್ಕೆ ಬಳಸಲೇಬಾರದು.

ಎಣ್ಣೆಯ ಪ್ರಮಾಣ ಯಂತ್ರದ ಕೈಪಿಡಿಯಲ್ಲಿ ಹೇಳಿದಷ್ಟೇ ಇರಲಿ. 50ಕ್ಕೆ 1 ಎಂದಿದ್ದರೆ ಲೀಟರಿಗೆ 20 ಮಿಲಿಲೀಟರ್, 25ಕ್ಕೆ 1 ಎಂದಿದ್ದರೆ 40 ಮಿಲಿಲೀಟರ್. ಅಂದಾಜಿನಿಂದ ಸುರಿದ ಹೆಚ್ಚಿನ ಎಣ್ಣೆ ಪ್ಲಗ್ಗಿನ ಮೇಲೆ ಮಸಿಯಾಗಿ ಕೂರುತ್ತದೆ.

ಇಂಧನ ಬರುವ ದಾರಿಯನ್ನು ಪರೀಕ್ಷಿಸಲು ಕೊಳವೆಯ ನಡುವಿನ ರಬ್ಬರು ಬಲ್ಬೇ ಸಾಕು. ಯಂತ್ರ ನಿಲ್ಲುವಂತಾದಾಗ ಬಲ್ಬನ್ನು ಮೆಲ್ಲಗೆ ಹಿಂಡಬೇಕು. ಹಿಂಡಿದೊಡನೆ ಯಂತ್ರ ಚೇತರಿಸಿಕೊಂಡರೆ ಇಂಧನ ಸಾಲುತ್ತಿಲ್ಲ ಎಂದರ್ಥ. ಕೊಳವೆಯ ಜೋಡಣೆಯಲ್ಲಿ ಗಾಳಿ ಸೇರುತ್ತಿರಬಹುದು, ಜರಡಿ ಕಟ್ಟಿರಬಹುದು, ಇಲ್ಲವೆ ಪಂಪಿನ ಪರದೆ ಹರಿದಿರಬಹುದು. ಹಿಂಡಿದಾಗ ಇನ್ನಷ್ಟು ಬೇಗ ನಿಂತರೆ ಇಂಧನ ಹೆಚ್ಚಾಗಿ ತುಂಬುತ್ತಿದೆ. ಆಗ ಕಾರ್ಬ್ಯುರೇಟರಿನ ಫ್ಲೋಟು ಮತ್ತು ಅದರ ಸೂಜಿಯನ್ನು ನೋಡಬೇಕು. ಬಲ್ಬು ತಾನಾಗಿ ಒಳಕ್ಕೆ ಚಪ್ಪಟೆಯಾಗಿದ್ದರೆ ಟ್ಯಾಂಕಿನ ಮುಚ್ಚಳದ ಗಾಳಿ ಸ್ಕ್ರೂವನ್ನು ತೆರೆಯಲು ಮರೆತಿರುತ್ತೇವೆ. ನಗು ಬರುವ ವಿಷಯವಾದರೂ ಇದು ಅಪರೂಪವಲ್ಲ.

ಪ್ಲಗ್ಗು ಹೇಳುವ ಮಾತು

ಯಂತ್ರವನ್ನು ನಿಧಾನ ಓಟದಲ್ಲಿ ಓಡಿಸಿ ನಿಲ್ಲಿಸಿದ ಕೂಡಲೇ ಎರಡೂ ಪ್ಲಗ್ಗುಗಳನ್ನು ಬಿಚ್ಚಿ ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಎರಡೂ ಒಂದೇ ತೆರನಾಗಿ ಕಪ್ಪಾಗಿ ತೊಯ್ದಿದ್ದರೆ ಮಿಶ್ರಣದಲ್ಲಿ ಇಂಧನ ಅಥವಾ ಎಣ್ಣೆ ಹೆಚ್ಚು. ಎರಡೂ ಬಿಳಿಚಿಕೊಂಡಿದ್ದರೆ ಗಾಳಿ ಹೆಚ್ಚು. ಒಂದು ಒಣಗಿ ಇನ್ನೊಂದು ತೊಯ್ದಿದ್ದರೆ ತೊಯ್ದ ಸಿಲಿಂಡರು ಉರಿಯುತ್ತಿಲ್ಲ. ಒಂದೇ ಪ್ಲಗ್ಗಿನ ಮೇಲೆ ಉಪ್ಪಿನ ಪದರ ಕಂಡರೆ ಆ ಸಿಲಿಂಡರಿಗೆ ಕಡಲ ನೀರು ಸೋರುತ್ತಿದೆ. ಅಂತಹ ಯಂತ್ರವನ್ನು ಓಡಿಸದೆ ಮೆಕ್ಯಾನಿಕ್ಕರ ಬಳಿಗೆ ಒಯ್ಯಬೇಕು.

ಎರಡು ಸಿಲಿಂಡರಿನಲ್ಲಿ ಒಂದು ಸತ್ತಿದ್ದರೂ ಯಂತ್ರ ಜೋರಾಗಿ ತೆರೆದಾಗ ಹೇಗೋ ಓಡುತ್ತದೆ. ನಿಧಾನ ಓಟದಲ್ಲಿ ಒಂದೇ ಸಿಲಿಂಡರು ಭಾರ ಹೊರಲಾರದೆ ನಿಲ್ಲುತ್ತದೆ. ಸಂಶಯವಿದ್ದರೆ ಯಂತ್ರವನ್ನು ನಿಲ್ಲಿಸಿ, ಒಂದು ಪ್ಲಗ್ಗಿನ ಟೊಪ್ಪಿ ತೆಗೆದು, ಟೊಪ್ಪಿಯೊಳಗೆ ಬೇರೊಂದು ಪ್ಲಗ್ಗನ್ನು ಸಿಕ್ಕಿಸಿ ಅದರ ಲೋಹದ ಮೈ ಯಂತ್ರದ ಲೋಹಕ್ಕೆ ಬಿಗಿಯಾಗಿ ತಾಗುವಂತೆ ಕಟ್ಟಬೇಕು. ಸಿಲಿಂಡರಿನ ಪ್ಲಗ್ಗು ತನ್ನ ಜಾಗದಲ್ಲಿಯೇ ಇರಲಿ. ಅನಂತರ ಚಾಲೂ ಮಾಡಬೇಕು. ಓಟದಲ್ಲಿ ಏನೂ ವ್ಯತ್ಯಾಸ ಕಾಣದಿದ್ದರೆ ಆ ಸಿಲಿಂಡರು ಮೊದಲೇ ಕೆಲಸ ಮಾಡುತ್ತಿರಲಿಲ್ಲ. ಓಡುವ ಯಂತ್ರದ ಟೊಪ್ಪಿಯನ್ನು ಕೈಯಿಂದ ಕಿತ್ತು ನೋಡುವ ಅಭ್ಯಾಸ ಅಪಾಯಕರ. ಈಗಿನ ಯಂತ್ರಗಳ ವಿದ್ಯುತ್ತಿನ ಹೊಡೆತ ಬಹಳ ಬಲವಾದದ್ದು, ಕಿಡಿ ಕೊಡುವ ಪೆಟ್ಟಿಗೆಯೂ ಕೆಡಬಹುದು. ಸುತ್ತಮುತ್ತ ಇಂಧನ ಚೆಲ್ಲಿರಬಾರದು, ಬೀಡಿ ಹಚ್ಚಿಕೊಂಡವರು ಹತ್ತಿರ ಬರಬಾರದು ಎಂಬುದನ್ನು ಬೇರೆ ಹೇಳಬೇಕಿಲ್ಲವಾದರೂ ಹೇಳುತ್ತಿದ್ದೇವೆ.

ಗಾಳಿ ಸೋರಿಕೆಯ ಲಕ್ಷಣ ಬೇರೆ. ಯಂತ್ರದ ವೇಗ ತಾನಾಗಿ ಏರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ, ಕೊನೆಗೆ ಸೀನಿದಂತೆ ಶಬ್ದ ಮಾಡಿ ನಿಲ್ಲುತ್ತದೆ. ಕಾರ್ಬ್ಯುರೇಟರು ಯಂತ್ರಕ್ಕೆ ಕೂಡುವ ಕಡೆಯ ಬೋಲ್ಟುಗಳು ಸಡಿಲವಾಗಿವೆಯೇ, ಗ್ಯಾಸ್ಕೆಟ್ಟು ಹರಿದಿದೆಯೇ ನೋಡಬೇಕು. ಎಣ್ಣೆ ಡಬ್ಬಿಯಿಂದ ಎರಡು ಹೊಡೆತದ ಎಣ್ಣೆಯನ್ನು ಆ ಜೋಡಣೆಯ ಸುತ್ತ ಹನಿಸಿದಾಗ ಓಟ ಬದಲಾದರೆ ಸೋರಿಕೆ ಅಲ್ಲಿಯೇ ಇದೆ. ಇದಕ್ಕೆ ಪೆಟ್ರೋಲನ್ನು ಬಳಸಬಾರದು.

ಕಾರ್ಬ್ಯುರೇಟರಿನ ಶುದ್ಧಿ

ಮೇಲಿನವೆಲ್ಲ ಸರಿಯಿದ್ದ ಮೇಲೆ ಕಾರ್ಬ್ಯುರೇಟರನ್ನು ಬಿಚ್ಚಬೇಕು. ಬಿಚ್ಚುವ ಮೊದಲು ಅದರ ತಳದ ಸ್ಕ್ರೂ ಸಡಿಲಿಸಿ ಬಟ್ಟಲಿನಲ್ಲಿರುವ ಇಂಧನವನ್ನು ಗಾಜಿನ ಲೋಟಕ್ಕೆ ಇಳಿಸಿಕೊಂಡರೆ ನೀರು, ಮರಳು, ಬಿಳಿ ಪುಡಿ ಇವು ಕಣ್ಣಿಗೆ ಕಾಣುತ್ತವೆ. ಬಿಳಿ ಪುಡಿಯೆಂದರೆ ಉಪ್ಪು ನೀರು ತಗಲಿ ಅಲ್ಯುಮಿನಿಯಮ್ ತಿಂದುಹೋಗಿರುವುದು.

ಇಲ್ಲಿ ಎರಡು ಸ್ಕ್ರೂಗಳಿರುತ್ತವೆ, ಇವನ್ನು ಗೊಂದಲ ಮಾಡಿಕೊಳ್ಳಬಾರದು. ಒಂದು ಥ್ರಾಟಲ್ ತಟ್ಟೆ ಎಷ್ಟು ತೆರೆದಿರಬೇಕೆಂದು ತಡೆಯುವ ನಿಧಾನ ಓಟದ ಸ್ಕ್ರೂ. ಇನ್ನೊಂದು ನಿಧಾನ ಓಟದ ಗಾಳಿ ಮತ್ತು ಇಂಧನದ ಮಿಶ್ರಣವನ್ನು ಸರಿಪಡಿಸುವ ಪೈಲಟ್ ಸ್ಕ್ರೂ. ಪೈಲಟ್ ಸ್ಕ್ರೂವನ್ನು ಹೊರತೆಗೆಯುವ ಮುನ್ನ ಅದು ಮೆಲ್ಲಗೆ ತಳಕ್ಕೆ ತಾಗುವವರೆಗೆ ಒಳಕ್ಕೆ ತಿರುಗಿಸಿ, ಎಷ್ಟು ಸುತ್ತಾಯಿತೆಂದು ಎಣಿಸಿ ಬರೆದಿಟ್ಟುಕೊಳ್ಳಬೇಕು. ಬಿಗಿಯಾಗಿ ಒತ್ತಿದರೆ ಅದರ ಸೂಜಿ ಮೊನೆಯಲ್ಲಿ ಗೆರೆ ಬಿದ್ದು ಮುಂದೆ ಎಂದಿಗೂ ಸರಿಹೊಂದುವುದಿಲ್ಲ.

ನಿಧಾನ ಓಟದ ಜೆಟ್ಟನ್ನು ತೆಗೆದು ಬೆಳಕಿಗೆ ಹಿಡಿದರೆ ತೂತು ದುಂಡಗೆ ಕಾಣಬೇಕು. ಕಟ್ಟಿದ್ದರೆ ಕಾರ್ಬ್ಯುರೇಟರು ತೊಳೆಯುವ ದ್ರಾವಣದಲ್ಲಿ ನೆನೆಸಿ ಗಾಳಿ ಊದಿ ಬಿಡಿಸಬೇಕು. ಉಕ್ಕಿನ ತಂತಿ ತೂರಿಸಿದರೆ ತೂತು ದೊಡ್ಡದಾಗುತ್ತದೆ. ಕೂದಲಿನಷ್ಟು ಹಿಗ್ಗಿದರೂ ಜೆಟ್ಟು ಕೆಟ್ಟಿತೆಂದೇ ಲೆಕ್ಕ. ಥ್ರಾಟಲ್ ತಟ್ಟೆಯ ಅಂಚಿನ ಸಣ್ಣ ತೂತುಗಳಿಗೂ ಗಾಳಿ ಊದಬೇಕು. ಹಳೆಯ ಗ್ಯಾಸ್ಕೆಟ್ಟನ್ನು ಮತ್ತೆ ಹಾಕುವುದು ಬೇಡ.

ಕೊನೆಗೆ ಸ್ಕ್ರೂ

ಹೊಂದಿಸುವ ಕೆಲಸವನ್ನು ನೀರಿನಲ್ಲಿಯೇ ಮಾಡಬೇಕು. ದಡದಲ್ಲಿ ಒಣಗಿದಂತೆ ಓಡಿಸಿದರೆ ನೀರಿನ ಪಂಪಿನ ರಬ್ಬರು ಚಕ್ರ ಕ್ಷಣಗಳಲ್ಲಿ ಸುಟ್ಟುಹೋಗುತ್ತದೆ. ಪೀಪಾಯಿಯ ನೀರಿನಲ್ಲಿ ಓಡಿಸಿ ಹೊಂದಿಸಿದ ವೇಗವೂ ಕಡಲಿಗೆ ಸರಿಹೋಗುವುದಿಲ್ಲ. ಹೊಗೆ ಹೊರಡುವುದು ನೀರಿನೊಳಗೆ. ದೋಣಿಯ ಭಾರ, ಯಂತ್ರ ಮುಳುಗಿದ ಆಳ ಇವು ಬದಲಾದರೆ ಓಟವೂ ಬದಲಾಗುತ್ತದೆ.

ದೋಣಿಯನ್ನು ಹೊಳೆಯ ಶಾಂತ ನೀರಿನಲ್ಲಿ ಎರಡು ಹಗ್ಗಗಳಿಂದ ಗಟ್ಟಿಯಾಗಿ ಕಟ್ಟಿ, ಯಂತ್ರವನ್ನು ಹತ್ತು ನಿಮಿಷ ಕಾಯಿಸಿ, ಮುಂದಿನ ಗೇರಿಗೆ ಹಾಕಿ ನಿಧಾನ ಓಟಕ್ಕೆ ಇಳಿಸಬೇಕು. ಪೈಲಟ್ ಸ್ಕ್ರೂವನ್ನು ಎಂಟನೇ ಒಂದು ಸುತ್ತಿನಷ್ಟು ಒಂದು ಕಡೆಗೆ ತಿರುಗಿಸಿ ಹತ್ತು ಹದಿನೈದು ಸೆಕೆಂಡು ಕಾಯಬೇಕು. ಹೀಗೆಯೇ ಮುಂದುವರಿದರೆ ಒಂದು ಹಂತದಲ್ಲಿ ಯಂತ್ರ ತಡವರಿಸಿ ಸೀನುತ್ತದೆ. ಇದು ಇಂಧನ ಕಡಿಮೆಯಾದ ಗುರುತು. ಇನ್ನೊಂದು ಕಡೆಗೆ ತಿರುಗಿಸುತ್ತ ಹೋದರೆ ಓಟ ಭಾರವಾಗಿ ಕುಂಟತೊಡಗುತ್ತದೆ. ಇದು ಇಂಧನ ಹೆಚ್ಚಾದ ಗುರುತು. ಇವೆರಡರ ನಡುವೆ, ಇಂಧನದ ಕಡೆಗೆ ತುಸು ವಾಲಿದಂತೆ ಸ್ಕ್ರೂ ನಿಲ್ಲಿಸಬೇಕು. ಕೆಲವು ಮಾದರಿಗಳಲ್ಲಿ ಈ ಸ್ಕ್ರೂ ಇಂಧನವನ್ನೂ ಕೆಲವುಗಳಲ್ಲಿ ಗಾಳಿಯನ್ನೂ ತಡೆಯುವುದರಿಂದ ಯಾವ ಕಡೆಗೆ ತಿರುಗಿಸಿದರೆ ಏನಾಗುವುದೆಂದು ಕೈಪಿಡಿಯಲ್ಲಿ ನೋಡಿಕೊಳ್ಳಬೇಕು. ಥ್ರಾಟಲನ್ನು ಬೇಗನೆ ತೆರೆದಾಗ ಯಂತ್ರ ಸೀನದೆ ವೇಗ ಹಿಡಿದರೆ ಮಿಶ್ರಣ ಸರಿಯಾಗಿದೆ.

ಈಗ ನಿಧಾನ ಓಟದ ಸ್ಕ್ರೂವಿನ ಸರದಿ. ಕೈಪಿಡಿಯಲ್ಲಿ ಕೊಟ್ಟಿರುವ ವೇಗಕ್ಕೆ ಹೊಂದಿಸಬೇಕು. ಈ ಗಾತ್ರದ ಯಂತ್ರಗಳಲ್ಲಿ ಗೇರಿನಲ್ಲಿ ನಿಮಿಷಕ್ಕೆ ಸುಮಾರು 600ರಿಂದ 800 ಸುತ್ತು, ನ್ಯೂಟ್ರಲಿನಲ್ಲಿ ಅದಕ್ಕಿಂತ ಸ್ವಲ್ಪ ಹೆಚ್ಚು ಇರುವುದು ಸಾಮಾನ್ಯ. ಸುತ್ತು ಎಣಿಸುವ ಮೀಟರು ಮೆಕ್ಯಾನಿಕ್ಕರಲ್ಲಿ ಇರುತ್ತದೆ. ಸ್ಕ್ರೂವನ್ನು ಪೂರಾ ಹೊರಕ್ಕೆ ಬಿಟ್ಟರೂ ವೇಗ ಇಳಿಯದಿದ್ದರೆ ಥ್ರಾಟಲಿನ ಕೇಬಲ್ಲು ಉಪ್ಪು ಕಟ್ಟಿ ಹಿಂದಕ್ಕೆ ಬರುತ್ತಿಲ್ಲ ಅಥವಾ ಎಲ್ಲಿಯೋ ಗಾಳಿ ಸೋರುತ್ತಿದೆ.

ಇಷ್ಟರಿಂದಲೂ ಸರಿಹೋಗದೆ ಕಾರ್ಬ್ಯುರೇಟರಿನ ಬಾಯಿಂದ ಇಂಧನದ ತುಂತುರು ಹೊರಕ್ಕೆ ಉಗುಳುತ್ತಿದ್ದರೆ ಒಳಗಿನ ರೀಡ್ ಕವಾಟದ ಎಲೆ ಮುರಿದಿರುವ ಸಂಭವ ಹೆಚ್ಚು. ಇದೂ, ಕ್ರ್ಯಾಂಕ್ ಸೀಲುಗಳೂ, ಕಿಡಿಯ ಕಾಲ ಹೊಂದಿಸುವುದೂ ತಿಳಿದ ಮೆಕ್ಯಾನಿಕ್ಕರ ಕೆಲಸ. ಮನೆಯಲ್ಲಿ ಬಿಚ್ಚುವುದು ಬೇಡ. ಮೇಲೆ ಹೇಳಿದ ಪ್ರಶ್ನೆಗಳಿಗೆ ನಿಮ್ಮಲ್ಲಿ ಉತ್ತರ ಸಿದ್ಧವಿದ್ದರೆ ಅವರ ಸಮಯವೂ ನಿಮ್ಮ ಹಣವೂ ಉಳಿಯುತ್ತದೆ.

ದಡ ಸೇರಿದ ಮೇಲೆ ಯಂತ್ರವನ್ನು ಪೆಟ್ರೋಲಿನಲ್ಲಿಯೇ ನಿಲ್ಲಿಸಬೇಕು. ಕಾರ್ಬ್ಯುರೇಟರಿನಲ್ಲಿ ಸೀಮೆಎಣ್ಣೆ ಉಳಿದರೆ ಮರುದಿನ ಮುಂಜಾನೆ ಎಷ್ಟು ಹಗ್ಗ ಎಳೆದರೂ ಚಾಲೂ ಆಗುವುದಿಲ್ಲ. ಹದಿನೈದು ದಿನಕ್ಕಿಂತ ಹೆಚ್ಚು ಕಾಲ ದೋಣಿ ನಿಲ್ಲುವುದಿದ್ದರೆ ಸಿಹಿನೀರಿನಲ್ಲಿ ಓಡಿಸಿ ತೊಳೆದು, ಬಟ್ಟಲಿನ ಇಂಧನವನ್ನು ಪೂರ್ತಿ ಇಳಿಸಿಡಬೇಕು. ಕಡಲಿಗೆ ಹೋಗುವಾಗ ಎರಡು ಹೊಸ ಪ್ಲಗ್ಗು, ಪ್ಲಗ್ಗಿನ ಸ್ಪ್ಯಾನರು, ಒಂದು ಚಾಕು, ಹೆಚ್ಚಿನ ಚಾಲನೆಯ ಹಗ್ಗ ಇವು ನೀರು ತಾಗದ ಡಬ್ಬಿಯಲ್ಲಿರಲಿ. ಹುಟ್ಟುಗಳನ್ನು ಮನೆಯಲ್ಲಿ ಬಿಟ್ಟು ಹೋಗಬಾರದು.